ಯಾವ ಮಗುವಿಗೆ ಯಾವ ಹೊತ್ತಗೆ

ಓದು ಕಲಿಸುವವರಿಗೆ ಎದುರಾಗುವ ಪ್ರಶ್ನೆಗಳಲ್ಲಿ ತೀರ ಹಳೆಯದೊಂದಿದೆ. ಎದುರಿಗೆ ಕುಳಿತಿರುವ ಈ ಮಗುವಿನ ಕೈಗೆ ಯಾವ ಹೊತ್ತಗೆಯನ್ನು ಕೊಡಬೇಕು? ಹೊತ್ತಗೆ ಶಕ್ತಿಗೆ ಮೀರಿದ್ದಾದರೆ ಮಗು ಅದನ್ನು ಮುಚ್ಚಿಡುತ್ತದೆ. ಶಕ್ತಿಗೆ ತಕ್ಕದ್ದಾಗಿದ್ದೂ ಮನಸ್ಸಿಗೆ ಹಿಡಿಸದಿದ್ದರೆ ಆಗಲೂ ಮುಚ್ಚಿಡುತ್ತದೆ. ಮೊದಲನೆಯದನ್ನು ಅಳವು ಎನ್ನೋಣ, ಎರಡನೆಯದನ್ನು ಒಲವು ಎನ್ನೋಣ. ಇವೆರಡೂ ಕೂಡಿಬಂದ ಕಡೆ ಓದು ತಾನಾಗಿ ನಡೆಯುತ್ತದೆ. ಆದರೆ ಕನ್ನಡ ನಾಡಿನ ಶಿಕ್ಷಣದ ಚರಿತ್ರೆಯನ್ನು ನೋಡಿದರೆ ಇವೆರಡೂ ಒಟ್ಟಿಗೆ ಬಂದ ಸಂದರ್ಭಗಳು ವಿರಳ. ಅಳವಿಗೆ ಗಮನ ಕೊಟ್ಟವರು ಒಲವನ್ನು ಮರೆತರು. ಒಲವಿದ್ದ ಕಡೆ ಅಳವಿನ ಲೆಕ್ಕವಿರಲಿಲ್ಲ. ಆ ಚರಿತ್ರೆಯ ಕೆಲವು ಘಟ್ಟಗಳನ್ನು ಇಂದು ಕೇಳುಗರ ಮುಂದಿಡಬಯಸುತ್ತೇನೆ.

ಬಳ್ಳಾರಿಯಿಂದ ಪ್ರಾರಂಭಿಸಬಹುದು. 1822ರಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ತನ್ನ ಆಧಿಪತ್ಯದ ಎಲ್ಲ ಜಿಲ್ಲೆಗಳಲ್ಲಿ ದೇಶೀಯ ಶಾಲೆಗಳೆಷ್ಟು, ಅವುಗಳಲ್ಲಿ ಓದುವವರು ಯಾರು, ಓದುವುದೇನು ಎಂಬ ವಿವರಗಳನ್ನು ಕಲೆಕ್ಟರುಗಳಿಂದ ಕೇಳಿದನು. ಬಂದ ಉತ್ತರಗಳಲ್ಲಿ ಹೆಚ್ಚಿನವು ಬರಿಯ ಅಂಕಿಗಳ ಪಟ್ಟಿ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಮಾತ್ರ 1823ರ ಆಗಸ್ಟ್ ತಿಂಗಳಲ್ಲಿ ಶಾಲೆಯ ಒಳಗನ್ನೇ ಬಿಡಿಸಿ ತೋರಿಸುವ ಒಂದು ವರದಿಯನ್ನು ಬರೆದನು. ಈತ ತೆಲುಗು ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ ವಿದ್ವಾಂಸ. ನಮ್ಮ ಭಾಷೆಗಳು ಕಿವಿಗೆ ಬಿದ್ದಿದ್ದ ಮನುಷ್ಯ. ಅವನ ಲೆಕ್ಕದಂತೆ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದು. ಇವಲ್ಲದೆ ಬ್ರಾಹ್ಮಣರ ಸಂಸ್ಕೃತ ಪಾಠಶಾಲೆಗಳು 23. ಕಲಿಯುತ್ತಿದ್ದವರು ಒಟ್ಟು 6,641 ಮಂದಿ. ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ‘ದಿ ಬ್ಯೂಟಿಫುಲ್ ಟ್ರೀ’ ಎಂಬ ಸಂಗ್ರಹದಿಂದಾಗಿ ಈ ವರದಿ ಸಾಮಾನ್ಯ ಓದುಗರಿಗೂ ಕೈಗೆಟಕುವಂತಾಯಿತು.

ಕ್ಯಾಂಬೆಲ್ ಕಂಡ ಮಠ, ಅಂದರೆ ನಮ್ಮ ಹಿರಿಯರು ಕೂಲಿಮಠ ಎಂದು ಕರೆಯುತ್ತಿದ್ದ ಊರ ಶಾಲೆ, ಹೀಗಿತ್ತು. ಹುಡುಗನು ಐದನೆಯ ವಯಸ್ಸಿನಲ್ಲಿ ಬರುತ್ತಾನೆ. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಾನೆ; ಕೈ ಕುದುರಿದ ಮೇಲೆ ಹಲಗೆ, ಇಲ್ಲವೆ ಮಸಿ ಬಳಿದು ಗಟ್ಟಿಮಾಡಿ ಮಡಿಸಿದ ಬಟ್ಟೆಯ ಕಡತ, ಅದರ ಮೇಲೆ ಬಳಪ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನಿಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ ಎಂಬ ಅರ್ಥದಲ್ಲಿ. ಮೂರನೆಯವನಿಂದ ಆಚೆಗೆ ಒಂದು, ಎರಡು, ಮೂರು ಎಂದು ಛಡಿಯೇಟಿನ ಏರಿಕೆ. ಕೊನೆಗೆ ಬಂದವನ ಪಾಡು ಹೇಗಿತ್ತೋ! ಇರಲಿ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಮುಂದಿನ ಸಂಗತಿ. ಮಠದ ಹುಡುಗರು ಸಾಮಾನ್ಯವಾಗಿ ನಾಲ್ಕು ಗುಂಪುಗಳಾಗಿ ಕೂಡುತ್ತಿದ್ದರು. ಗುಂಪು ಏರ್ಪಟ್ಟದ್ದು ವಯಸ್ಸಿನಿಂದಲ್ಲ, ಬಂದ ವರ್ಷದಿಂದಲೂ ಅಲ್ಲ, ಕಲಿತದ್ದರಿಂದ. ಚುರುಕಾದವನು ಬೇಗ ಮೇಲಿನ ಗುಂಪಿಗೆ ಹೋದ, ನಿಧಾನದವನು ತಡವಾಗಿ ಹೋದ. ಕೆಳಗಿನ ಗುಂಪಿಗೆ ಮೇಲಿನವರೇ ಹೇಳಿಕೊಡುತ್ತಿದ್ದರು. ಐಗಳು ಎಲ್ಲರ ಮೇಲೂ ಒಂದು ಕಣ್ಣಿಟ್ಟು ದೊಡ್ಡ ಹುಡುಗರಿಗೆ ತಾವೇ ಪಾಠ ಹೇಳುತ್ತಿದ್ದರು. ಈ ಪದ್ಧತಿಯನ್ನು ಮದರಾಸಿನಲ್ಲಿ ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿ ಅದನ್ನು 1797ರಲ್ಲಿ ಇಂಗ್ಲೆಂಡಿನಲ್ಲಿ ಪ್ರಚುರಪಡಿಸಿದ್ದನು. ಅದು ಅನುಕರಣಕ್ಕೆ ಯೋಗ್ಯವೇ ಎಂದು ಕ್ಯಾಂಬೆಲನೂ ಒಪ್ಪಿಕೊಂಡಿದ್ದಾನೆ. ಹುಡುಗನ ನಡಿಗೆಗೆ ತಕ್ಕ ಸ್ಥಳವನ್ನು ಕೊಡುವ ವಿವೇಕ ಆ ಮಠಕ್ಕೆ ಇತ್ತು.

ಪುಸ್ತಕದ ವಿಷಯದಲ್ಲಿ ಮಾತ್ರ ಅಂಥ ಮೆಟ್ಟಿಲುಗಳಿರಲಿಲ್ಲ. ಕಾಗುಣಿತ ಒತ್ತಕ್ಷರ ಮುಗಿದವನ ಕೈಗೆ ನೇರವಾಗಿ ಕಾವ್ಯ. ರಾಮಾಯಣ, ಮಹಾಭಾರತ, ಭಾಗವತಗಳು ಎಲ್ಲರಿಗೂ ಸಾಮಾನ್ಯ ಎಂದು ವರದಿ ಹೇಳುತ್ತದೆ. ಅದರ ಮೇಲೆ ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮ ಪುರಾಣದಂಥವು. ಲಿಂಗವಂತರ ಮಕ್ಕಳಿಗೆ ಬಸವ ಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವ ಪುರಾಣ. ಹಗುರಾದ ಓದಿಗೆ ಪಂಚತಂತ್ರ, ಬೇತಾಳ ಪಂಚವಿಂಶತಿ. ಅರ್ಥ ಬಿಡಿಸುವುದಕ್ಕೆ ಅಮರ, ನಿಘಂಟು, ಶಬ್ದಮಣಿದರ್ಪಣ. ಶಬ್ದಮಣಿದರ್ಪಣವನ್ನು ಎಂ.ಎ. ತರಗತಿಯಲ್ಲಿ ಪಾಠ ಹೇಳಿದವರು ಈ ಪಟ್ಟಿಯನ್ನು ಓದಿ ಒಂದು ಗಳಿಗೆ ಸುಮ್ಮನಾಗುವುದು ಸಹಜ.

ಕ್ಯಾಂಬೆಲ್ ಹಿಡಿದ ದೋಷ ಇಲ್ಲಿಯೇ ಇದೆ. ಪುಸ್ತಕಗಳೆಲ್ಲ ಪದ್ಯ, ಅವುಗಳ ಭಾಷೆ ಮನೆಯ ಮಾತಿಗೂ ವ್ಯವಹಾರದ ಮಾತಿಗೂ ದೂರ. ಹುಡುಗರು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ, ಅರ್ಥದ ವಿಷಯದಲ್ಲಿ ಅವರಿಗೂ ಪಂಜರದ ಗಿಳಿಗೂ ಭೇದವಿಲ್ಲ ಎಂಬುದು ಅವನ ತೀರ್ಪು. ಇದೇ ವರದಿಯಲ್ಲಿ ಅವನು ಇನ್ನೊಂದು ಮಾತನ್ನೂ ಹೇಳಿದ್ದಾನೆ. ಅದನ್ನು ಎತ್ತಿ ಹೇಳುವವರು ಕಡಮೆ. ಕೋಶ ವ್ಯಾಕರಣಗಳು, ಎಂದರೆ ಅರ್ಥಕ್ಕೆ ಬಾಗಿಲು ತೆರೆಯುವ ಪುಸ್ತಕಗಳೇ, ಮಠಗಳಲ್ಲಿ ಎಲ್ಲಕ್ಕಿಂತ ಅಪರೂಪವಾಗಿದ್ದವು. ಕೈಬರಹದ ಪ್ರತಿಗಳ ಬೆಲೆ ಹೆಚ್ಚು, ಐಗಳು ಬಡವರು. ದೋಷ ಬರಿಯ ಪದ್ಧತಿಯದಲ್ಲ, ದಾರಿದ್ರ್ಯದ್ದೂ ಹೌದು. ಅದನ್ನು ಕಂಡು ಬರೆಯುವಷ್ಟು ಪ್ರಾಮಾಣಿಕತೆ ಆ ಕಲೆಕ್ಟರನಲ್ಲಿತ್ತು.

ಆದರೂ ಅವನ ತೀರ್ಪು ಅರ್ಧಸತ್ಯವೆಂದು ನನ್ನ ಭಾವನೆ. ಕನ್ನಡ ನಾಡಿನ ಕೂಲಿಮಠಗಳಲ್ಲಿ ಬಹಳ ಕಾಲ ಹುಡುಗರು ಓದಿದ ಕಾವ್ಯ ಲಕ್ಷ್ಮೀಶನ ಜೈಮಿನಿ ಭಾರತ. ವಾರ್ಧಕ ಷಟ್ಪದಿಯ ಆ ಸಮಾಸಗಳು, ಶ್ಲೇಷೆಗಳು ಎಂಟು ವರ್ಷದ ಹುಡುಗನ ಅಳವಿಗೆ ಮೀರಿದವು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕಥೆ ಯಾರದು? ತಂದೆತಾಯಿಗಳಿಲ್ಲದೆ ಬೆಳೆದು, ಕೊಲ್ಲಬಂದವರಿಂದ ಪಾರಾಗಿ, ಅರಸನಾಗುವ ಚಂದ್ರಹಾಸನದು. ರಾಮನ ಯಜ್ಞದ ಕುದುರೆಯನ್ನು ಕಟ್ಟಿಹಾಕಿದ ಲವಕುಶರದು. ತಂದೆಯನ್ನೇ ಎದುರಿಸಿ ಕಾದಿದ ಬಭ್ರುವಾಹನನದು. ಇವರಲ್ಲಿ ಬಹುಮಂದಿ ಹುಡುಗರೇ. ಹುಡುಗರ ಒಲವನ್ನು ಲೆಕ್ಕ ಹಾಕಿ ಹೊತ್ತಗೆಯನ್ನು ಆರಿಸಿದ್ದರೂ ಇದಕ್ಕಿಂತ ಚೆನ್ನಾಗಿ ಆರಿಸುವುದು ಕಷ್ಟವಾಗುತ್ತಿತ್ತು. ಮಠದಲ್ಲಿ ಬಿಟ್ಟುಹೋದ ಅರ್ಥವನ್ನು ಊರು ತುಂಬಿಕೊಡುತ್ತಿತ್ತು. ಮಳೆಗಾಲದ ಇರುಳಿನಲ್ಲಿ ಗುಡಿಯ ಪಡಸಾಲೆಯಲ್ಲಿ ಗಮಕಿಯೊಬ್ಬನು ಓದಿ, ಇನ್ನೊಬ್ಬನು ಪದ್ಯ ಪದ್ಯಕ್ಕೂ ಅರ್ಥ ಹೇಳುತ್ತಿದ್ದರೆ, ಬೆಳಗ್ಗೆ ಗಿಳಿಪಾಠ ಒಪ್ಪಿಸಿದ ಹುಡುಗ ಅಜ್ಜನ ಮಗ್ಗುಲಲ್ಲಿ ಕುಳಿತು ಅದೇ ಪದ್ಯವನ್ನು ಕೇಳುತ್ತಿದ್ದ. ಯಕ್ಷಗಾನದಲ್ಲಿ ಸುಧನ್ವನು ರಂಗಕ್ಕೆ ಬಂದಾಗ ಅವನಿಗೆ ಪರಿಚಯದ ಅಗತ್ಯವಿರಲಿಲ್ಲ. ಕ್ಯಾಂಬೆಲ್ ಮಠವನ್ನು ನೋಡಿದ, ಮಠದ ಸುತ್ತಲಿನ ಈ ಇರುಳಿನ ಶಾಲೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹಾಗೆಂದು ಹಳೆಯದನ್ನು ಹಾಡಿ ಹೊಗಳಲು ನಾನು ಸಿದ್ಧನಿಲ್ಲ. ಸಾವಿರ ಜನರಲ್ಲಿ ಏಳು ಮಂದಿ ಮಾತ್ರ ಮಠದಲ್ಲಿದ್ದರು. ಇಡೀ ಜಿಲ್ಲೆಯಲ್ಲಿ ಕಲಿಯುತ್ತಿದ್ದ ಹೆಣ್ಣುಮಕ್ಕಳು ಅರುವತ್ತು. ಯಾವ ಮಗುವಿಗೆ ಯಾವ ಹೊತ್ತಗೆ ಎಂಬ ಪ್ರಶ್ನೆಗೆ ಅಂದಿನ ಉತ್ತರ ಬಹುಮಟ್ಟಿಗೆ ಹುಟ್ಟಿನಲ್ಲೇ ತೀರ್ಮಾನವಾಗಿತ್ತು: ಈ ಮನೆಯವನಿಗೆ ಈ ಪುರಾಣ, ಆ ಮನೆಯವನಿಗೆ ಆ ಪುರಾಣ, ಉಳಿದವರಿಗೆ ಯಾವುದೂ ಇಲ್ಲ. ಆ ‘ಉಳಿದವರೇ’ ನಾಡಿನ ಬಹುಪಾಲು.

ಸರಕಾರದ ವಿದ್ಯಾ ಇಲಾಖೆಗಳು 1854ರ ವುಡ್ಡನ ಆದೇಶದ ಬಳಿಕ ಹುಟ್ಟಿಕೊಂಡವು. ಅಚ್ಚಿನ ಪುಸ್ತಕ ಅಗ್ಗವಾಯಿತು, ಗದ್ಯ ಬಂತು, ಮೊದಲನೆಯ ಪುಸ್ತಕ, ಎರಡನೆಯ ಪುಸ್ತಕ, ಮೂರನೆಯ ಪುಸ್ತಕ ಎಂಬ ಸಾಲು ಬಂತು. ಅಳವಿಗೆ ತಕ್ಕ ಮೆಟ್ಟಿಲು ಕೊನೆಗೂ ಕಟ್ಟಿಸಿದ ಹಾಗಾಯಿತು. ಇದು ದೊಡ್ಡ ಲಾಭ, ಸಂದೇಹವಿಲ್ಲ. ಆದರೆ ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಒಂದು ವ್ಯವಸ್ಥೆ ರೂಪುಗೊಂಡು ನಮ್ಮ ಕಡೆಗೂ ಹರಿದುಬಂತು. 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ ಅಲ್ಲಿನ ಶಾಲೆಗಳಿಗೆ ಆರು ದರ್ಜೆಗಳನ್ನು ಗೊತ್ತುಮಾಡಿದನು. ಮೊದಲನೆಯ ದರ್ಜೆಯವನು ಒಂದೊಂದೇ ಉಚ್ಚಾರಾಂಶದ ಮಾತುಗಳಿಂದಾದ ಕಥೆಯನ್ನು ಓದಬೇಕು. ಆರನೆಯ ದರ್ಜೆಯವನು ವೃತ್ತಪತ್ರಿಕೆಯ ಒಂದು ಭಾಗವನ್ನು ಓದಬೇಕು. ಇನ್‌ಸ್ಪೆಕ್ಟರು ಬಂದು ಪ್ರತಿಯೊಂದು ಮಗುವನ್ನೂ ಓದಿಸಿ ನೋಡುತ್ತಾನೆ. ಎಷ್ಟು ಮಕ್ಕಳು ತೇರ್ಗಡೆಯಾದರೋ ಅಷ್ಟು ಸಹಾಯಧನ.

ಪರಿಣಾಮ ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಕವಿಯೂ ವಿಮರ್ಶಕನೂ ಆದ ಮ್ಯಾಥ್ಯೂ ಆರ್ನಲ್ಡ್ ಮೂವತ್ತೈದು ವರ್ಷ ಶಾಲಾ ಇನ್‌ಸ್ಪೆಕ್ಟರಾಗಿ ದುಡಿದವನು. ವರ್ಷವೆಲ್ಲ ಒಂದೇ ಪುಸ್ತಕವನ್ನು ಉರುಹಾಕಿಸಿ ಮಕ್ಕಳನ್ನು ಪರೀಕ್ಷೆಗೆ ನಿಲ್ಲಿಸುತ್ತಾರೆಂದು ಅವನು ತನ್ನ ವರದಿಗಳಲ್ಲಿ ಬೇಸರದಿಂದ ದೂರಿದ್ದಾನೆ. ಬಳ್ಳಾರಿಯ ಗಿಳಿ ಈಗ ಲಂಡನ್ನಿನಲ್ಲಿ ಕಾಣಿಸಿಕೊಂಡಿತು! ಅಲ್ಲಿ ಪುಸ್ತಕ ಕಠಿನವಾಗಿರಲಿಲ್ಲ, ಪದ್ಯವಾಗಿರಲಿಲ್ಲ, ಮನೆಯ ಮಾತಿಗೆ ದೂರವೂ ಆಗಿರಲಿಲ್ಲ. ಆದರೂ ಗಿಳಿಪಾಠವೇ. ಮದರಾಸು ಸರಕಾರ 1860ರ ದಶಕದಲ್ಲಿಯೇ ಫಲಿತಾಂಶ ನೋಡಿ ಹಣ ಕೊಡುವ ಈ ಕ್ರಮವನ್ನು ತನ್ನ ಶಾಲೆಗಳಿಗೆ ಅನ್ವಯಿಸಿತು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಆಗ ಮದರಾಸಿಗೇ ಸೇರಿದ್ದವು. ಮಗು ತಡವರಿಸಿದರೆ ಐಗಳ ಸಂಬಳಕ್ಕೆ ಕತ್ತರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಲ್ಲಿ ಸರಕಾರಿ ನಿಯಮವೇ ಆಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಈ ಕ್ರಮವನ್ನು ಕೈಬಿಟ್ಟರು. ಒಂದು ವರ್ಷಕ್ಕೆ ಒಂದು ಪುಸ್ತಕ, ಅದರಾಚೆ ಓದಿಲ್ಲ ಎಂಬ ಅಭ್ಯಾಸ ಮಾತ್ರ ಉಳಿದುಕೊಂಡಿತು.

ಅಳವಿನ ಮೆಟ್ಟಿಲನ್ನು ಕನ್ನಡದಲ್ಲಿ ಕಟ್ಟುವಾಗ ಇನ್ನೊಂದು ತೊಡಕಿತ್ತು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಂಗ್ಲಿಷಿನಲ್ಲಿ ಚಿಕ್ಕ ಮಾತು ಸುಲಭದ ಮಾತು. ನಮ್ಮಲ್ಲಿ ಕಷ್ಟಸುಲಭಗಳನ್ನು ನಿರ್ಣಯಿಸುವುದು ಲಿಪಿ. ಹಾಗಾಗಿ ಬಾಲಬೋಧೆಗಳನ್ನು ಬರೆದವರು ಮೊದಲು ಗುಣಿತವೂ ಒತ್ತೂ ಇಲ್ಲದ ಮಾತುಗಳನ್ನು ಹುಡುಕಿದರು: ಅರಸ, ಅಗಸ, ಸರ, ಕಮಲ, ಗರಗಸ. ಮುಂದೆ ಗುಣಿತ. ಒತ್ತಕ್ಷರ ಎಲ್ಲಕ್ಕೂ ಕೊನೆಗೆ. ನೋಡಲು ತರ್ಕಬದ್ಧವಾದ ಏರ್ಪಾಡು. ಆದರೆ ಮಗುವಿಗೆ ಬಾಯಿ ಬಂದಾಗಿನಿಂದ ಅದರ ನಾಲಗೆಯ ಮೇಲಿರುವ ಮಾತುಗಳು ಯಾವುವು? ಅಮ್ಮ, ಅಪ್ಪ, ಅಣ್ಣ, ಅಕ್ಕ, ತಮ್ಮ, ಅಜ್ಜಿ, ಬೆಲ್ಲ, ಬೆಣ್ಣೆ, ಹಬ್ಬ. ಒಂದೊಂದರಲ್ಲೂ ಒತ್ತಕ್ಷರ! ಲಿಪಿಯ ದೃಷ್ಟಿಯಿಂದ ಅತ್ಯಂತ ಕಠಿನವಾದವುಗಳೇ ಬದುಕಿನ ದೃಷ್ಟಿಯಿಂದ ಅತ್ಯಂತ ಸಮೀಪದವು. ಗರಗಸವನ್ನು ಒಮ್ಮೆಯೂ ಕಂಡಿರದ ಮಗು ಗರಗಸವನ್ನು ಓದಿತು; ಅಮ್ಮನನ್ನು ಓದಲು ತಿಂಗಳುಗಟ್ಟಲೆ ಕಾದಿತು. ವಾಕ್ಯವಂತೂ ದೂರವೇ ಉಳಿಯಿತು. ಬಂದನು, ಹೋದನು, ಇದ್ದನು ಎನ್ನಬೇಕಾದರೂ ಅನುಸ್ವಾರ, ಗುಣಿತ, ಒತ್ತುಗಳಲ್ಲಿ ಒಂದಾದರೂ ಬೇಕಷ್ಟೆ. ಕಥೆಯಿಲ್ಲದ ಬರಿಯ ಮಾತುಗಳ ಪಟ್ಟಿಯ ನಡುವೆ ಮಗುವಿನ ಮೊದಲ ವರ್ಷ ಕಳೆದುಹೋಯಿತು. ಅಳವನ್ನು ಅಕ್ಷರದ ಆಕಾರದಿಂದ ಅಳೆದಾಗ ಒಲವಿಗೆ ಸಂದ ದಂಡ ಇದು.

ಈ ಕೊರತೆಯನ್ನು ಅರಿತವರು ಇಲಾಖೆಯ ಒಳಗೇ ಇದ್ದರು. ಧಾರವಾಡದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ತಮ್ಮ ಆಯುಷ್ಯವನ್ನೇ ಸವೆಸಿದರು. ಷೇಕ್ಸ್‌ಪಿಯರನ ಒಂದು ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದವರೂ ಅವರೇ. ಆ ಹೆಸರನ್ನು ಕೇಳಿದರೆ ಸಾಕು, ಓದುಗನ ಒಲವು ಅವರ ಕಣ್ಣ ಮುಂದಿತ್ತೆಂದು ಗೊತ್ತಾಗುತ್ತದೆ. ಆದರೆ ಅಳವು ಒಲವುಗಳನ್ನು ಒಂದೇ ಸಾಲಿನಲ್ಲಿ ಬೆಸೆದು ತೋರಿಸಿದ ಕೀರ್ತಿ ಪಂಜೆ ಮಂಗೇಶರಾಯರದು.

ಪಂಜೆಯವರು 1874ರಲ್ಲಿ ಬಂಟವಾಳದಲ್ಲಿ ಹುಟ್ಟಿದವರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಕಲಿಸಿ, ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರಾಗಿ ಹಳ್ಳಿ ಹಳ್ಳಿ ತಿರುಗಿದರು. ಕೊಡಗಿನಲ್ಲಿಯೂ ಕೆಲಸ ಮಾಡಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಇನ್‌ಸ್ಪೆಕ್ಟರು ಎಂದರೆ ಐಗಳಿಗೂ ಮಕ್ಕಳಿಗೂ ನಡುಕ ಹುಟ್ಟುತ್ತಿದ್ದ ಕಾಲದಲ್ಲಿ ಈ ಇನ್‌ಸ್ಪೆಕ್ಟರು ತರಗತಿಗೆ ಬಂದು ಹಾಡುತ್ತಿದ್ದರು, ಕಥೆ ಹೇಳುತ್ತಿದ್ದರು. ಅವರಿಗಿದ್ದ ಅನುಕೂಲವನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದು ಕಾಣುತ್ತದೆ. ಪದ್ಯಕ್ಕೆ ಮಕ್ಕಳ ಮುಖ ಅರಳುತ್ತದೆಯೋ ಇಲ್ಲವೋ ಎಂಬುದನ್ನು ನೂರಾರು ಶಾಲೆಗಳಲ್ಲಿ ಕಣ್ಣಾರೆ ಕಾಣುವ ಅವಕಾಶ ಇನ್ನಾವ ಕನ್ನಡ ಕವಿಗೆ ದೊರೆತಿತ್ತು? ಬಾಸೆಲ್ ಮಿಶನ್ ಪ್ರೆಸ್ಸಿನ ಮೂಲಕ ಹೊರಬಂದ ಅವರ ಪದ್ಯಪುಸ್ತಕಗಳೂ ಕಥೆಗಳೂ ಆ ಅನುಭವದ ಫಲ. ‘ನಾಗರ ಹಾವೆ’ಯನ್ನು ನೋಡಿ. ಪದಗಳು ಪುಟ್ಟವು; ವಿಷಯ ಮಾತ್ರ ಹೆಡೆಯೆತ್ತಿದ ಹಾವು! ಭಯವೂ ಬೆರಗೂ ಕೂಡಿದ ಆ ಆಕರ್ಷಣೆಯ ಮುಂದೆ ಗರಗಸದ ಪಾಡೇನು?

ಅದಕ್ಕಿಂತಲೂ ಸೂಕ್ಷ್ಮವಾದ ಉದಾಹರಣೆ ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆ. ಕರಾವಳಿಯ ಮಗುವಿಗೆ ಸಿಗಡಿ ಅಂಗಳದಲ್ಲಿ ಒಣಹಾಕಿದ ದಿನಬಳಕೆಯ ವಸ್ತು. ಒಣಗಲಿಲ್ಲವೇಕೆ ಎಂದು ಕೇಳಿದರೆ ಅದು ಇನ್ನೊಂದರತ್ತ ಬೆರಳು ತೋರಿಸುತ್ತದೆ. ಆ ಇನ್ನೊಂದು ಮತ್ತೊಂದರತ್ತ. ಇಂಥ ಸರಪಳಿ ಕಥೆಗಳು ನಮ್ಮ ಜನಪದದಲ್ಲಿ ಬೇಕಾದಷ್ಟಿವೆ. ತೆಲುಗಿನವರ ಏಳು ಮೀನುಗಳ ಕಥೆಯೂ ಇದರ ಒಡಹುಟ್ಟು. ಇಲ್ಲಿನ ಗುಟ್ಟೇನೆಂದರೆ, ಪ್ರಶ್ನೆಯ ಅಚ್ಚು ಒಂದೇ. ಪ್ರತಿ ಸಲವೂ ಬದಲಾಗುವುದು ಒಂದೋ ಎರಡೋ ಮಾತು. ಆಗತಾನೆ ಕೂಡಿಸಿ ಓದಲು ಕಲಿತ ಮಗು ಮೊದಲ ಪ್ರಶ್ನೆಯನ್ನು ತಡವರಿಸಿ ಓದುತ್ತದೆ, ಎರಡನೆಯದನ್ನು ಸರಾಗವಾಗಿ ಓದುತ್ತದೆ, ಮೂರನೆಯದನ್ನು ಪುಸ್ತಕ ನೋಡದೆಯೇ ಹೇಳುತ್ತದೆ. ಮುಂದೇನು ಎಂಬ ಕುತೂಹಲ ಮಾತ್ರ ಕೊನೆಯವರೆಗೂ ಕಡಮೆಯಾಗುವುದಿಲ್ಲ. ಒತ್ತಕ್ಷರವನ್ನು ಬಿಲ್ಕುಲ್ ಹೊರಗಿಡಬೇಕಾಗಿಲ್ಲ, ಅದನ್ನು ಮತ್ತೆ ಮತ್ತೆ ಎದುರಿಗೆ ತಂದರಾಯಿತು ಎಂಬ ಉಪಾಯ ಇದರಲ್ಲಿದೆ. ಅಜ್ಜಿಯರು ತಲೆಮಾರುಗಳಿಂದ ಬಲ್ಲದ್ದನ್ನು ಪಂಜೆಯವರು ಅಚ್ಚಿನ ಪುಟಕ್ಕೆ ಇಳಿಸಿದರು.

ಇದೇ ದಾರಿಯಲ್ಲಿ ಮುಂದೆ ಬಂದವರು ಹೊಯ್ಸಳರು, ಜಿ. ಪಿ. ರಾಜರತ್ನಂ ಅವರು. ರಾಜರತ್ನಂ ಅವರ ಶಿಶುಗೀತೆಗಳು ಅವರು ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ ದಿನಗಳಲ್ಲಿ ಹುಟ್ಟಿದವು. ‘ತುತ್ತೂರಿ’ ಎಂಬ ಹೆಸರಿನಲ್ಲೇ ಒತ್ತಕ್ಷರವಿದೆ. ಅದರಿಂದ ಯಾವ ಮಗುವೂ ಓಡಿಹೋದದ್ದು ಕಾಣೆ. ಇನ್ನು ಕಥೆಪದ್ಯಗಳಿಗೆ ಒಲಿಯದೆ, ಮೋಡ ಹೇಗೆ ಮಳೆಯಾಗುತ್ತದೆ, ಉಗಿಬಂಡಿ ಹೇಗೆ ಓಡುತ್ತದೆ ಎಂದು ಕೇಳುವ ಮಕ್ಕಳಿದ್ದಾರೆ. ಅಂಥವರನ್ನು ನೆನೆದವರು ಶಿವರಾಮ ಕಾರಂತರು. 1936ರ ಅವರ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು ಒಬ್ಬನೇ ಮನುಷ್ಯನ ಸಾಹಸ. ಒಲವು ಎಂದರೆ ಕಥೆಯ ಒಲವೊಂದೇ ಎಂದು ತಿಳಿದಿದ್ದ ಸಾಹಿತ್ಯದವರಿಗೆ, ನನ್ನಂಥವರನ್ನೂ ಸೇರಿಸಿಯೇ ಹೇಳುತ್ತೇನೆ, ಅದೊಂದು ಪಾಠ. ನಿರಂಜನರು ಸಂಪಾದಿಸಿದ ‘ಜ್ಞಾನ ಗಂಗೋತ್ರಿ’ಯ ಏಳು ಸಂಪುಟಗಳು ಅದರ ಮುಂದಿನ ಹೆಜ್ಜೆ.

ಪುಸ್ತಕಗಳು ಹೀಗೆ ಬೆಳೆದವು. ಆದರೆ ಪುಸ್ತಕ ಒಂದು ಕಡೆ, ಮಗು ಒಂದು ಕಡೆ ಇದ್ದರೆ ಅವೆರಡನ್ನೂ ಕೂಡಿಸುವವರು ಯಾರು? ಈ ಪ್ರಶ್ನೆಯನ್ನು ಶಾಸ್ತ್ರವಾಗಿ ಎತ್ತಿಕೊಂಡವರು ಎಸ್. ಆರ್. ರಂಗನಾಥನ್. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಇವರು 1924ರಲ್ಲಿ ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರಗಳನ್ನು ರಚಿಸಿದರು. ಅವುಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎನ್ನುತ್ತದೆ. ಮೂರನೆಯದು ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುತ್ತದೆ. ಗಣಿತಜ್ಞನ ಮಿತವ್ಯಯದ ಮಾತು. ಆದರೆ ಈ ಸೂತ್ರಗಳ ಹಿಂದೆ ಒಬ್ಬ ಮನುಷ್ಯನ ಚಿತ್ರವಿದೆ: ಕಪಾಟುಗಳನ್ನು ತೆರೆದಿಟ್ಟು, ಬಂದವನ ಮುಖ ನೋಡಿ, ಅವನಿಗೆ ಬೇಕಾದುದನ್ನು ಅವನಿಗ��ಂತ ಮೊದಲೇ ಊಹಿಸಿ ಕೈಗೆ ಕೊಡುವ ಗ್ರಂಥಪಾಲ. ಕಪಾಟಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಲೆಕ್ಕ ತಪ್ಪದಂತೆ ಪುಸ್ತಕ ಕಾಯುತ್ತಿದ್ದವರ ಕಾಲದಲ್ಲಿ ಅದು ಕ್ರಾಂತಿಕಾರಕವಾದ ಕಲ್ಪನೆ. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಗ್ರಂಥಪಾಲರನ್ನು ತರಬೇತುಗೊಳಿಸುವ ಕೇಂದ್ರವೊಂದನ್ನು ಅಲ್ಲಿ ಕಟ್ಟಿದರು. 1972ರಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಅದರಿಂದ ಊರೂರಿಗೆ ಪುಸ್ತಕ ಹೋಯಿತು. ಶಾಲೆಗಳ ಕಪಾಟುಗಳಿಗೆ ಬೀಗ ಮಾತ್ರ ಬಹಳ ಕಡೆ ಹಾಗೆಯೇ ಉಳಿಯಿತು.

ಇನ್ನು ನಮ್ಮ ಕಾಲದ ಮಾತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕೆಲವು ಶಾಲಾ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದು, ಯುನಿಸೆಫಿನ ನೆರವಿನಿಂದ ಒಂದು ಪ್ರಯೋಗವನ್ನು ತೊಡಗಿದರು. ಅದೇ ‘ನಲಿ ಕಲಿ’. ಒಂದು ದಶಕಕ್ಕೂ ಮಿಗಿಲಾಗಿ ಬೆಳೆದು, 2009ರ ಹೊತ್ತಿಗೆ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹಬ್ಬಿತು. ಅಲ್ಲಿ ಪುಸ್ತಕಕ್ಕೆ ಬದಲು ಕಾರ್ಡುಗಳು. ಗೋಡೆಯ ಮೇಲೆ ಕಲಿಕೆಯ ಏಣಿ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂಡುತ್ತಾರೆ. ಕೆಲವರಿಗೆ ಶಿಕ್ಷಕರ ನೆರವು, ಕೆಲವರಿಗೆ ಜೊತೆಯ ಮಕ್ಕಳ ನೆರವು, ಕೆಲವರು ತಮ್ಮಷ್ಟಕ್ಕೆ ತಾವು. ಒಂದು ವಾರ ಶಾಲೆ ತಪ್ಪಿಸಿ ಕುರಿ ಕಾಯಲು ಹೋದ ಮಗು ಮರಳಿ ಬಂದಾಗ ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ತರಗತಿ ಅದನ್ನು ಬಿಟ್ಟು ಓಡಿಹೋಗಿರುವುದಿಲ್ಲ. ಇದನ್ನು ಹೊಸ ಶೋಧವೆಂದು ಹೊಗಳಿದವರಿದ್ದಾರೆ. ಹೊಗಳಲಿ, ಯೋಗ್ಯವೇ. ಆದರೆ ಕ್ಯಾಂಬೆಲನ ವರದಿಯನ್ನು ಓದಿದವರಿಗೆ ಆ ನಾಲ್ಕು ಗುಂಪುಗಳು, ಚಿಕ್ಕವರಿಗೆ ಹೇಳಿಕೊಡುವ ದೊಡ್ಡವರು, ಎಲ್ಲರ ಮೇಲೂ ಕಣ್ಣಿಟ್ಟ ಐಗಳು ನೆನಪಾಗದಿರಲಾರರು. ಈ ಸಲ ಆ ಗುಂಪುಗಳಲ್ಲಿ ಹೆಣ್ಣುಮಕ್ಕಳಿದ್ದಾರೆ; ಮಠದ ಬಾಗಿಲಿನ ಹೊರಗೆ ನಿಂತಿದ್ದ ಮನೆಗಳ ಮಕ್ಕಳಿದ್ದಾರೆ.

ಕಾರ್ಡಿಗೆ ಒಂದು ಮಿತಿಯಿದೆ. ಅದು ಮೆಟ್ಟಿಲೇ ಹೊರತು ಮನೆಯಲ್ಲ. ಏಣಿಯನ್ನು ಹತ್ತಿದ ಮಗುವಿಗೆ ಮೇಲೆ ಕಪಾಟೊಂದು ಕಾಣಬೇಕು. ಮಕ್ಕಳ ಪುಸ್ತಕಗಳ ಮೇಲೆಯೇ ಒಂದನೆಯ ಹಂತ, ಎರಡನೆಯ ಹಂತ ಎಂದು ಅಚ್ಚುಹಾಕುವ ಪ್ರಕಾಶಕರು ಈಗ ಇದ್ದಾರೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು ನಾಲ್ಕು ಹಂತಗಳಲ್ಲಿ ಕನ್ನಡ ಪುಸ್ತಕಗಳನ್ನು ತರುತ್ತಿದ್ದಾರೆ. ಶಿಕ್ಷಕರಿಗೆ ಇದು ದಾರಿತೋರುವ ಗುರುತು. ಆದರೂ ಹನ್ನೆರಡು ವರ್ಷದ, ಓದಿನಲ್ಲಿ ಹಿಂದೆ ಬಿದ್ದ ಹುಡುಗನೊಬ್ಬನನ್ನು ನೆನೆಯಿರಿ. ಅವನ ಅಳವು ಒಂದನೆಯ ಹಂತದ್ದು. ಮನಸ್ಸು ಹನ್ನೆರಡು ವರ್ಷದ್ದು. ಅವನ ಕೈಗೆ ಮೊಲದ ಮರಿಯ ಚಿತ್ರವಿರುವ ಪುಸ್ತಕ ಕೊಟ್ಟರೆ ಅವನು ತನ್ನ ತಂಗಿಯ ಎದುರು ಅದನ್ನು ಬಿಡಿಸಲಾರ. ಊರಿನ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಲಾರದವರು ಬಹಳ ಮಂದಿ ಎಂದು 2005ರಿಂದ ಬರುತ್ತಿರುವ ‘ಅಸರ್’ ವರದಿಗಳು ಮತ್ತೆ ಮತ್ತೆ ಹೇಳಿವೆ. ಅವರಿಗೆ ಬೇಕಾದದ್ದು ಸುಲಭದ ಮಾತಿನಲ್ಲಿ ಬರೆದ, ದೊಡ್ಡ ಹುಡುಗರಿಗೆ ತಕ್ಕ ಹೊತ್ತಗೆ: ಕುಸ್ತಿಯದು, ಬೈಸಿಕಲ್ ರಿಪೇರಿಯದು, ದೆವ್ವದ್ದು. ಅಂಥವನ್ನು ಕನ್ನಡದಲ್ಲಿ ಬರೆದವರು ಬೆರಳೆಣಿಕೆಯವರು. ಹಿರಿಯ ಲೇಖಕರಿಗೆ ಅದು ಕೀಳು ಕೆಲಸವಾಗಿ ಕಂಡಿದ್ದರೆ, ಇನ್‌ಸ್ಪೆಕ್ಟರ ಹುದ್ದೆಯಲ್ಲಿದ್ದು ಸಿಗಡಿಯ ಕಥೆ ಬರೆದವರನ್ನು ಅವರು ನೆನೆಯಬೇಕು.

ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಮರುವರ್ಷ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಆರರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಅಲ್ಲಿರುವವರು ಗ್ರಂಥಾಲಯದ ಮೇಲ್ವಿಚಾರಕರು. ಬಹುಪಾಲು ಆ ಸೀಮೆಯವರೇ. ಬಾಗಿಲಲ್ಲಿ ನಿಂತ ಹುಡುಗಿ ಯಾರ ಮಗಳೆಂಬುದು, ಅವಳ ಅಣ್ಣ ಶಾಲೆ ಬಿಟ್ಟಿದ್ದೇಕೆಂಬುದು ಅವರಿಗೆ ಗೊತ್ತಿರುತ್ತದೆ. ಕಪಾಟಿನಲ್ಲಿರುವ ಪುಸ್ತಕಗಳ ಒಳಗೇನಿದೆ ಎಂಬುದು ಗೊತ್ತಿರಲು ಅವರಿಗೆ ಬಿಡುವೂ ಪ್ರೋತ್ಸಾಹವೂ ಬೇಕು. ಒಂದು ಹೋಬಳಿಯ ಮೇಲ್ವಿಚಾರಕರನ್ನೆಲ್ಲ ತಿಂಗಳಿಗೊಮ್ಮೆ ಒಂದು ಮಧ್ಯಾಹ್ನ ಸೇರಿಸಿ, ಒಬ್ಬೊಬ್ಬರೂ ನಾಲ್ಕು ಮಕ್ಕಳ ಪುಸ್ತಕಗಳನ್ನು ಉಳಿದವರಿಗೆ ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಮಾಡಿದರೆ, ಅದಕ್ಕೆ ತಗಲುವ ವೆಚ್ಚ ಬಸ್ಸಿನ ಚಾರ್ಜು ಮತ್ತು ಒಂದೊಂದು ಲೋಟ ಚಹಾ.